ರತ್ನಮ್ಮ ಮಾಡದ ಆಣೆ

ಮಾಗಡಿ ಬಸ್ ಸ್ಟ್ಯಾಂಡಿನ ಗೇಟಿನ ಪಕ್ಕ ಹೆಂಗಸೊಬ್ಬಳು ಗೋಣಿತಾಟು ಹಾಸಿ ಅವರೆಕಾಯಿ ರಾಶಿ ಹಾಕಿಕೊಂಡು ಕೂತಿದ್ದಳು. ನೆಂಟರ ಮನೆಯ ಮದುವೆ ಮುಗಿಸಿ ಹಾಸನಕ್ಕೆ ವಾಪಸು ಹೊರಟಿದ್ದ ನನ್ನ ಮೂಗಿಗೆ ಅದರ ಸೊಗಡು ಬಡಿಯಿತು. ಇಬ್ಬನಿ ಚೆನ್ನಾಗಿ ಬಿದ್ದ ವರ್ಷ ಅವರೆಗೆ ಆ ಘಾಟು ಜಾಸ್ತಿ. ಕಾಯಿ ಮುಟ್ಟಿದರೆ ಬೆರಳಿಗೆ ಅಂಟುತ್ತದೆ, ಸೋಪು ಹಾಕಿದರೂ ಬೇಗ ಹೋಗುವುದಿಲ್ಲ. "ತಕೊಳ್ಳಿ ಅವ್ವ, ಔಷ್ದಿ ಹೊಡೆದಿಲ್ಲ, ನಮ್ಮನೆ ಕಾಯಿ," ಅಂದಳು ಆಕೆ. ಸುಳ್ಳು ಹೇಳುತ್ತಿದ್ದಾಳೆ ಎಂದು ನನ್ನ ಮನಸ್ಸು ತಕ್ಷಣ ಹೇಳಿತು. ಆ ಮನಸ್ಸಿನ ಬಾಯಿ ಮುಚ್ಚಿಸಿ ಎರಡು ಕೇಜಿ ಕೊಂಡೆ. ಹಾಸನದ ಬಸ್ಸು ಬಂದು ನಿಂತಿತ್ತು, ಹತ್ತಲಿಲ್ಲ. ಎರಡು ವರ್ಷದ ಹಿಂದಿನ ಅವರೆಯ ಕಾಲ, ಅದರಲ್ಲಿ ಬರೀ ಮೂರು ದಿನ, ಕಣ್ಣ ಮುಂದೆ ಬಂದು ನಿಂತಿತು.

ನನ್ನ ಸ್ವಭಾವವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹಾಸನದ ಒಂದು ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ಗಣಿತ ಹೇಳಿಕೊಟ್ಟವಳು ನಾನು. ಆದರೆ ನನಗೆ ಹೆಸರು ಬಂದದ್ದು ಗಣಿತದಿಂದಲ್ಲ, ಪರೀಕ್ಷಾ ಕೊಠಡಿಯಿಂದ. ಸ್ಕೇಲಿನ ಹಿಂದೆ ಬರೆದುಕೊಂಡವರು, ಲಂಗದ ಅಂಚಿನೊಳಗೆ ಚೀಟಿ ಹೊಲಿದುಕೊಂಡವರು, ನೀರು ಕುಡಿದು ಬರುತ್ತೇನೆ ಎಂದು ಹೋಗಿ ಕಾಂಪೌಂಡಿನಾಚೆ ಉತ್ತರ ಕೇಳಿಕೊಂಡು ಬಂದವರು, ಯಾರೂ ನನ್ನಿಂದ ತಪ್ಪಿಸಿಕೊಂಡಿದ್ದಿಲ್ಲ. ಹಿಡಿದ ಮೇಲೆ ಅವರ ಕೈಯಲ್ಲೇ ಹೇಳಿಕೆ ಬರೆಸುತ್ತಿದ್ದೆ. ಅತ್ತರೆ ಕರಗುತ್ತಿರಲಿಲ್ಲ, ಅಳುವುದೂ ಒಂದು ಉಪಾಯ ಎಂದುಕೊಳ್ಳುತ್ತಿದ್ದೆ. ನಿವೃತ್ತಿಯಾದ ಮೇಲೆ ಆ ಕಣ್ಣುಗಳಿಗೆ ಕೆಲಸವಿಲ್ಲದೆ ತರಕಾರಿಯವನು, ಗ್ಯಾಸಿನವನು, ಎದುರುಮನೆಯ ಬಾಡಿಗೆದಾರ, ಎಲ್ಲರ ಮೇಲೂ ಹರಿದಾಡುತ್ತಿದ್ದವು. ಇದು ನನ್ನ ಬುದ್ಧಿವಂತಿಕೆ ಎಂದೇ ನಾನು ಬಹಳ ಕಾಲ ನಂಬಿದ್ದೆ.

ಇಂಥವಳು ಪ್ಯಾಕೇಜ್ ಟೂರು ನಂಬುವುದುಂಟೆ? ಒಂದು ಸಲ ನಂಬಿ ಹೋಗಿದ್ದೆ. ಎಂಟು ಜಾಗ ತೋರಿಸುತ್ತೇವೆಂದು ಹೇಳಿ ಮೂರನ್ನು ಬಸ್ಸಿನ ಕಿಟಕಿಯಿಂದಲೇ ತೋರಿಸಿದರು. "ಎಡಗಡೆ ನೋಡಿ, ಕೋಟೆ," ಅಂದರು. ನಾನು ಬಲಗಡೆ ಕೂತಿದ್ದೆ. ಅಲ್ಲಿಂದಾಚೆ ಹೋಗುವುದಾದರೆ ನನ್ನದೇ ಪ್ಲಾನು ಎಂದು ತೀರ್ಮಾನಿಸಿಬಿಟ್ಟೆ.

ಹೋಗಲೇಬೇಕಾದ ಕಾರಣವೂ ಒಂದಿತ್ತು. ನನ್ನ ತಂಗಿ ಸುಶೀಲ ಹಿಂದಿನ ಮಳೆಗಾಲದಲ್ಲಿ ಡೆಂಗಿ ಬಂದು ಹನ್ನೊಂದು ದಿನ ಐಸಿಯುನಲ್ಲಿದ್ದಳು. ಬದುಕುತ್ತಾಳೋ ಇಲ್ಲವೋ ಎಂದು ಆ ಬಾಗಿಲ ಹೊರಗೆ ಕಾದವಳು ನಾನೇ. ವಾಪಸು ಬಂದವಳು ಮೊದಲಿನ ಸುಶೀಲ ಆಗಿರಲಿಲ್ಲ. ಬಾಗಿಲಾಚೆ ಕಾಲಿಡಲು ಹೆದರುತ್ತಿದ್ದಳು, ಅಂಗಡಿಗೂ ಹೋಗುತ್ತಿರಲಿಲ್ಲ. ಡಾಕ್ಟರು ಎಲ್ಲಿಗಾದರೂ ಕರೆದುಕೊಂಡು ಹೋಗಿ ಅಂದರು. ಅವಳು ಫೋನಿನಲ್ಲಿ ರಾಮನಗರದ ಬಂಡೆಗಳ ಚಿತ್ರ ನೋಡಿ, "ಅಕ್ಕ, ಇಷ್ಟು ದೊಡ್ಡ ಕಲ್ಲಿನ ಕೆಳಗೆ ಒಂದು ಸಲ ನಿಂತ್ಕೋಬೇಕು ನೋಡು," ಅಂದಳು. ಐದು ತಿಂಗಳಲ್ಲಿ ಅವಳು ಬೇಕು ಎಂದ ಮೊದಲ ವಸ್ತು ಅದು.

ಎರಡು ತಿಂಗಳು ಪ್ಲಾನು ಮಾಡಿದೆ. ಇನ್ನೂರು ಪುಟದ ನೋಟ್‌ಬುಕ್ಕು ತೆಗೆದು ಗೆರೆ ಹಾಕಿದೆ. ಮಾಗಡಿ ಕಡೆಯ ಒಂದು ಹಳ್ಳಿಯಲ್ಲಿ ಉಳಿದುಕೊಂಡು ಮೊದಲ ದಿನ ಸಾವನದುರ್ಗ, ಎರಡನೇ ದಿನ ರಾಮನಗರ ಮತ್ತು ಚನ್ನಪಟ್ಟಣ, ಮೂರನೇ ದಿನ ಕನಕಪುರದಾಚೆಯ ಸಂಗಮ, ನಾಲ್ಕನೇ ದಿನ ಊರು. ಆ ಕಡೆ ಈಗೀಗ ಟೂರಿಸ್ಟು ಜಾಸ್ತಿಯಾಗಿ ತೋಟದ ಮನೆಗಳೆಲ್ಲ ಹೋಮ್‌ಸ್ಟೇ ಆಗಿವೆ. ಜಾಗ ಹೊಸದಾದಷ್ಟೂ ಮೋಸ ಹೊಸದು ಎನ್ನುವುದು ನನ್ನ ಲೆಕ್ಕ. ಫೋನಿನಲ್ಲಿ ಜನ ಬರೆದ ಹೊಗಳಿಕೆಗಳನ್ನು ಓದಿದೆ. ಎಲ್ಲರೂ ಐದಕ್ಕೆ ಐದು ನಕ್ಷತ್ರ ಕೊಟ್ಟಿದ್ದರೆ ಭಾವಮೈದುನರ ಕೆಲಸ ಎಂದು ಹೊಡೆದುಹಾಕಿದೆ. ಉಳಿದ ಪ್ರತಿಯೊಂದು ಮನೆಗೂ ಎರಡೆರಡು ಸಲ ಫೋನು ಮಾಡಿದೆ, ಒಂದು ಸಲ ನನ್ನ ಹೆಸರಿನಲ್ಲಿ, ಎರಡು ದಿನ ಬಿಟ್ಟು ಇನ್ನೊಂದು ಹೆಸರಿನಲ್ಲಿ. ಎರಡು ಸಲವೂ ಒಂದೇ ಉತ್ತರ ಬರುತ್ತದೆಯೇ ನೋಡಬೇಕಲ್ಲ. ಹೆಚ್ಚಿನವರದು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತು. ಎರಡು ಸಲವೂ ಒಂದೇ ಉತ್ತರ ಕೊಟ್ಟವಳು ಶಿವಮ್ಮ ಒಬ್ಬಳೇ.

"ಆ ವಾರ ಒಸಿ ಕಷ್ಟ ಕಣವ್ವ. ಹುಳ ನಾಕ್ನೇ ಜ್ವರ ಎದ್ದಿರ್ತವೆ. ಬನ್ನಿ, ಪರ್ವಾಗಿಲ್ಲ. ನಾನೇ ಒಸಿ ಓಡಾಟದಲ್ಲಿರ್ತೀನಿ, ಅಷ್ಟೇಯ."

ರೇಷ್ಮೆ ಸಾಕುವವರು ಹುಳು ಮೇವು ಬಿಟ್ಟು ಪೊರೆ ಕಳಚುವುದನ್ನು ಜ್ವರ ಎನ್ನುತ್ತಾರೆ ಎಂದು ಆಮೇಲೆ ತಿಳಿದುಕೊಂಡೆ. ನಾಲ್ಕನೆಯದು ಕೊನೆಯದು. ಅದರಿಂದ ಎದ್ದ ಹುಳು ಒಂದು ವಾರ ಹಗಲೂ ರಾತ್ರಿ ತಿಂದು ಗೂಡು ಕಟ್ಟುತ್ತದೆ. ಒಂದೂವರೆ ತಿಂಗಳ ಮನೆಯ ಜೀವನವೆಲ್ಲ ಆ ವಾರದ ಮೇಲೆ ನಿಂತಿರುತ್ತದೆ. ನಾನು ಮಾತ್ರ ನೋಟ್‌ಬುಕ್ಕಿನಲ್ಲಿ ಅವಳ ಹೆಸರಿನ ಮುಂದೆ ಹೀಗೆ ಬರೆದುಕೊಂಡೆ: 'ಕಷ್ಟ ಅನ್ನುತ್ತಾಳೆ, ಬನ್ನಿ ಅನ್ನುತ್ತಾಳೆ. ಗಮನಿಸಬೇಕು.'

ಜನವರಿಯ ಒಂದು ಮಧ್ಯಾಹ್ನ ಗುಡೇಮಾರನಹಳ್ಳಿ ದಾಟಿ ಆ ಊರು ತಲುಪಿದೆವು. ಹೊತ್ತಾಗಿದ್ದರಿಂದ ಅವತ್ತಿನ ಸಾವನದುರ್ಗ ಬಿಟ್ಟೆವು. ಊರಿನ ಹೆಸರು ಹೇಳುವುದಿಲ್ಲ, ಯಾಕೆಂದು ಮುಂದೆ ಗೊತ್ತಾಗುತ್ತದೆ. ಹೆಂಚಿನ ಉದ್ದನೆಯ ಮನೆ, ಸುತ್ತ ಹಿಪ್ಪುನೇರಳೆ ತೋಟ. ಶಿವಮ್ಮನಿಗೆ ಐವತ್ತರ ಆಸುಪಾಸು. ಹಣೆಯಲ್ಲಿ ವಿಭೂತಿ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ನಿಂತಲ್ಲಿ ನಿಲ್ಲದ ಕಾಲು. ಗಂಡ ಶಿವಣ್ಣ ಮಾತು ಕಡಿಮೆ, ಸೊಪ್ಪಿನ ಹೊರೆ ಹೊತ್ತೇ ಇರುತ್ತಿದ್ದ. ನಮಗೆ ಕೊಟ್ಟ ಕೋಣೆ ಹುಳುಮನೆಯ ಒಂದು ತುದಿಗೆ ಗೋಡೆ ಕಟ್ಟಿ ಮಾಡಿದ್ದು. ಗೋಡೆಯಾಚೆ ಬೀಗ ಹಾಕಿದ ಬಾಗಿಲು. ಅಲ್ಲಿಂದ ಸಣ್ಣ ಮಳೆ ಹನಿಯುವಂಥ ಸದ್ದು ಬರುತ್ತಿತ್ತು.

"ಇಲಿ ಇರ್ಬೇಕು," ಅಂದೆ.

"ಹುಳ ಸೊಪ್ಪು ತಿನ್ನೋ ಸದ್ದು ಟೀಚರಮ್ಮ," ಅಂದಳು ಶಿವಮ್ಮ. ಆಮೇಲೆ ಬಾಗಿಲಲ್ಲೇ ನಿಂತು ಒಂದು ಮಾತು ಹೇಳಿದಳು. "ಗಂಧದ ಕಡ್ಡಿ, ಸೆಂಟು, ಸೊಳ್ಳೆ ಕಾಯ್ಲು, ಏನೂ ಹಚ್ಬ್ಯಾಡಿ. ಗೋಡೆ ಅಡ್ಡ ಐತೆ ಅಷ್ಟೇಯ, ಗಾಳಿ ಒಂದೇಯ. ಪರದೆ ಕೊಡ್ತೀನಿ, ಅದ್ರೊಳಗೆ ಮಲಗಿ. ಇನ್ನು ಮೂರು ದಿನ ಕಳೆದ್ರೆ ಹಣ್ಣಾಯ್ತವೆ, ಚಂದ್ರಿಕೆಗೆ ಬುಟ್ಟುಬುಡ್ತೀವಿ." ಹುಳುವಿನ ಮೈ ಬಂಗಾರದ ಬಣ್ಣಕ್ಕೆ ತಿರುಗಿದರೆ ಹಣ್ಣಾಯಿತು ಅನ್ನುತ್ತಾರೆ. ಚಂದ್ರಿಕೆ ಎಂದರೆ ಅದು ಗೂಡು ಕಟ್ಟುವ ದೊಡ್ಡ ಬಿದಿರು ತಟ್ಟೆ.

ಪರದೆ ಬಿಡಿಸಿ ನೋಡಿದೆ. ನಾಲ್ಕು ತೂತು ಇತ್ತು. ಸುಶೀಲ ಸೂಜಿ ದಾರ ತೆಗೆದು ಹೊಲಿಯತೊಡಗಿದಳು. ನನಗೆ ಮಾತ್ರ ಆ ತೂತುಗಳಲ್ಲಿ ಐಸಿಯು ಬಾಗಿಲೇ ಕಂಡಿತು.

ರಾತ್ರಿ ಊಟಕ್ಕೆ ಮುದ್ದೆ, ಅವರೆಕಾಳಿನ ಸಾರು. ಕಾಳು ತಂದುಕೊಟ್ಟವಳು ಪಕ್ಕದ ಮನೆಯ ರತ್ನಮ್ಮ, ಶಿವಮ್ಮನ ಮೈದುನನ ಹೆಂಡತಿ. ಮನೆ ಪಾಲಾಗಿ ಹತ್ತು ವರ್ಷವಾಗಿದ್ದರೂ ಇಬ್ಬರೂ ಒಂದೇ ಒಲೆಯವರ ಹಾಗೆ. ರತ್ನಮ್ಮನ ಅವರೆ ಹೊಲ ಹುಳುಮನೆಗೆ ಅಂಟಿಕೊಂಡೇ ಇತ್ತು. ಆ ಊರಲ್ಲಿ ಒಂದು ಪದ್ಧತಿ. ಕಾಯಿಕೊರಕಕ್ಕೆ ಔಷಧಿ ಹೊಡೆಯುವವರು ಪಕ್ಕದಲ್ಲಿ ಹುಳುಮನೆ ಇದ್ದರೆ ಮುನ್ನಾದಿನ ಬಂದು ಹೇಳಬೇಕು. ಹೇಳಿದರೆ ಹುಳುವಿನವರು ಬೇಕಾದಷ್ಟು ಸೊಪ್ಪು ಮೊದಲೇ ಕೊಯ್ದಿಟ್ಟು ಕಿಟಕಿ ಮುಚ್ಚುತ್ತಾರೆ. ಹುಳು ಕೊನೆಯ ವಾರದಲ್ಲಿದ್ದರೆ ಹೊಡೆಯುವುದನ್ನೇ ಮುಂದಕ್ಕೆ ಹಾಕುತ್ತಾರೆ.

"ಕಾಯಿಗೆ ಹುಳ ಬಿದ್ದೈತಕ್ಕ," ಅಂದಳು ರತ್ನಮ್ಮ ಕಾಫಿ ಕುಡಿಯುತ್ತ. "ಇರ್ಲಿ ಬುಡು, ನಿನ್ನ ಹುಳ ಚಂದ್ರಿಕೆಗೆ ಹೋಗ್ಲಿ, ಆಮೇಲೆ ಹೊಡೀತೀನಿ. ಒಂದು ಮೂಟೆ ಕಾಯಿ ಹೋದ್ರೆ ಹೋಯ್ತದೆ."

ತನ್ನ ಬೆಳೆ ಹಾಳಾಗುತ್ತಿದ್ದರೂ ಓರಗಿತ್ತಿಗಾಗಿ ಕಾಯುತ್ತಾಳಂತೆ. ನಾನು ಅವಳ ಮುಖವನ್ನೇ ನೋಡಿದೆ. ಇಷ್ಟು ಒಳ್ಳೆಯವರು ಇರುತ್ತಾರೆಯೇ ಎಂದು ಆಗಲೇ ಒಂದು ಗುಮಾನಿ ಹುಟ್ಟಿತು.

ಎರಡನೇ ದಿನ ನಯಾಜ಼್ ತನ್ನ ಹಳೇ ವ್ಯಾನು ತಂದ. ರಾಮನಗರದವನು, ಅಪ್ಪನ ಕಾಲದಿಂದ ಗೂಡು ಬೇಯಿಸಿ ನೂಲು ತೆಗೆಯುವ ಮನೆ. ಆ ಕೆಲಸ ತಮ್ಮನಿಗೆ ಬಿಟ್ಟು ತಾನು ಟೂರಿಸ್ಟುಗಳ ಹಿಂದೆ ಬಿದ್ದಿದ್ದ. ದಾರಿಯುದ್ದಕ್ಕೂ ನಾನು ಫೋನಿನ ನಕ್ಷೆ ಹಿಡಿದು ಅವನು ಸುತ್ತುಹಾಕಿಸುತ್ತಾನೋ ಎಂದು ನೋಡಿದೆ. ಒಂದು ಕಡೆ ಬಲಕ್ಕೆ ತಿರುಗಿದ.

"ನಕ್ಷೆಯಲ್ಲಿ ನೇರ ತೋರಿಸ್ತಿದೆ," ಅಂದೆ.

"ನೇರ ಹೋದ್ರೆ ಜಲ್ಲಿ ಲಾರಿ ಹಿಂದೆ ಒಂದ್ ಗಂಟೆ ನಿಂತ್ಕೋಬೇಕು ಮೇಡಂ. ನಕ್ಷೆಗೆ ಧೂಳು ಗೊತ್ತಿಲ್ಲ."

ರಾಮನಗರದ ಬೆಟ್ಟದ ಕೆಳಗೆ ಸುಶೀಲ ನಿಂತಳು. ತಲೆ ಎತ್ತಿ ಎತ್ತಿ ಕತ್ತು ನೋವಾಗುವಷ್ಟು ನೋಡಿದಳು. ಬಿಸಿಲಿಗೆ ಕಾದ ಬಂಡೆಗೆ ಎರಡೂ ಅಂಗೈ ಒತ್ತಿ, "ಬೆಚ್ಚಗಿದೆ ಅಕ್ಕ," ಅಂದಳು. ಅವಳ ಮುಖದಲ್ಲಿ ಏಳು ತಿಂಗಳಿಂದ ಕಾಣದಿದ್ದ ನಗು ಕಂಡು ನನಗೆ ಅಳು ಬಂತು. ನೂರು ಮೆಟ್ಟಿಲು ಹತ್ತಿದಳು, ಕೂತಳು, ಮತ್ತೆ ಐವತ್ತು ಹತ್ತಿದಳು. ನನ್ನ ಪ್ಲಾನು ಗೆದ್ದಿತು ಅಂದುಕೊಂಡೆ.

ಚನ್ನಪಟ್ಟಣದಲ್ಲಿ ಒಬ್ಬ ಸಾಬರ ಮನೆಯ ಜಗುಲಿಯಲ್ಲಿ ಗೊಂಬೆ ಮಾಡುವುದನ್ನು ನೋಡಿದೆವು. ತಿರುಗುವ ಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿದರೆ ಬಣ್ಣ ತಾನೇ ಕರಗಿ ಹತ್ತುತ್ತದೆ, ಒಣಗಿದ ಕೇದಗೆ ಗರಿ ಹಿಡಿದರೆ ಹೊಳಪು. ಮಾಡಿದ್ದನ್ನು ಕೈಗೆ ಕೊಟ್ಟರೆ ನಾನು ಉಗುರಿನಿಂದ ಕೆರೆದು ನೋಡಿದೆ.

"ಹೋಗಲ್ಲಮ್ಮ, ಕೆರೀರಿ ಇನ್ನೂ," ಅಂದ ಮುದುಕ ತಾಳ್ಮೆಯಿಂದ.

ನಯಾಜ಼್ ನಕ್ಕ. "ಮೇಡಂ ಮನೆಗೆ ಹೆಣ್ಣು ಕೇಳೋಕೆ ಹೋದೋನ ಗತಿ ಏನಾಗಿತ್ತೋ."

"ಅದಕ್ಕೇ ಇವಳಿಗೆ ಮದುವೆ ಆಗ್ಲಿಲ್ಲ," ಅಂದಳು ಸುಶೀಲ. ನಾನೂ ನಕ್ಕೆ. ಗೊಂಬೆ ಕೊಂಡು ಬರುವಾಗ ಪಕ್ಕದ ಅಂಗಡಿಯಲ್ಲಿ ಸೊಳ್ಳೆ ಕಾಯಿಲ್‌ನ ಒಂದು ಪೊಟ್ಟಣವನ್ನೂ ಕೊಂಡು, ಯಾರಿಗೂ ಕಾಣದ ಹಾಗೆ ಗೊಂಬೆಯ ಚೀಲದ ತಳಕ್ಕೆ ತುರುಕಿದೆ.

ಹಿಂದಿನ ರಾತ್ರಿ ಸುಶೀಲಳ ಮೊಣಕೈ ಮೇಲೆ ಎರಡು ಕೆಂಪು ಗುಳ್ಳೆ ಎದ್ದಿದ್ದವು. ಅದೇ ನನ್ನ ತಲೆ ತಿನ್ನುತ್ತಿತ್ತು. ಕಲ್ಲುಗೋಡೆ ಅಡ್ಡ ಇದೆ, ಬಾಗಿಲಿಗೆ ಬೀಗ ಇದೆ, ಇಲ್ಲಿ ಹಚ್ಚಿದ ಕಾಯಿಲ್ ಅಲ್ಲಿಗೆ ಹೇಗೆ ಹೋದೀತು? ಹಾಸಿಗೆಗೆ ವಾಸನೆ ಹಿಡಿಯಬಾರದು, ಗೋಡೆಗೆ ಮಸಿ ಹತ್ತಬಾರದು ಎಂದು ಹುಳುವಿನ ನೆಪ ಹೇಳಿರುತ್ತಾಳೆ. ಹೋಟೆಲಿನವರು ಹೇಳುವ ಇಂಥ ನೆಪಗಳನ್ನು ನಾನು ಎಷ್ಟು ಕೇಳಿಲ್ಲ. ಹೀಗೆಲ್ಲ ವಾದ ಮಾಡಿಕೊಂಡೆ. ವಾದದಲ್ಲಿ ಎದುರಾಳಿ ಇರಲಿಲ್ಲವಾದ್ದರಿಂದ ನಾನೇ ಗೆದ್ದೆ.

ಸಂಜೆ ಐದೂವರೆಗೆ ವಾಪಸಾದೆವು. ರತ್ನಮ್ಮ ತನ್ನ ಮನೆಯ ತೊಟ್ಟಿಯ ಹತ್ತಿರ ಔಷಧಿ ಹೊಡೆಯುವ ಕ್ಯಾನು ತೊಳೆಯುತ್ತಿದ್ದಳು. ಗಮನಿಸಿದೆ. ಶಿವಮ್ಮ, ಶಿವಣ್ಣ ಇಬ್ಬರೂ ಸೊಪ್ಪು ಕೊಯ್ಯಲು ತೋಟಕ್ಕೆ ಹೋಗಿದ್ದರು. ಸುಶೀಲಳನ್ನು ಜಗುಲಿಯಲ್ಲಿ ಕೂರಿಸಿ ನಾನು ಒಳಗೆ ಹೋಗಿ ಕಿಟಕಿ ಮುಚ್ಚಿ, ಮಂಚದ ಕೆಳಗೆ ಎರಡು ಕಾಯಿಲ್ ಹಚ್ಚಿಟ್ಟೆ. ವಾಸನೆ ಹೊರಗೆ ಬಂದರೆ ಸಿಕ್ಕಿಬೀಳುತ್ತೇನೆ ಎಂದು ಬಾಗಿಲ ಕೆಳಗಿನ ಸಂದಿಗೆ ಒದ್ದೆ ಟವೆಲು ತುರುಕಿದೆ. ಕಾಪಿ ಹಿಡಿದು ಹಿಡಿದು ಕಾಪಿ ಹೊಡೆಯುವವರ ಉಪಾಯವೆಲ್ಲ ನನಗೆ ಬಾಯಿಪಾಠ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಮುಕ್ಕಾಲು ಗಂಟೆ ಬಿಟ್ಟು ಒಳಗೆ ಹೋಗಿ ಕಾಯಿಲ್ ಆರಿಸಿ, ಬೂದಿ ನೀರಿಗೆ ಹಾಕಿ ತೊಳೆದೆ. ಹಾಗೆ ಮುಚ್ಚಿಟ್ಟ ಕೋಣೆಯಲ್ಲಿ ಹೊಗೆ ಇನ್ನೂ ದಟ್ಟವಾಗಿರಬೇಕಿತ್ತು. ಇರಲಿಲ್ಲ. ಎಲ್ಲದರ ಮೇಲೂ ಪ್ರಶ್ನೆ ಹಾಕುವ ನಾನು ಅದು ಎಲ್ಲಿ ಹೋಯಿತು ಎಂದು ಕೇಳಿಕೊಳ್ಳಲಿಲ್ಲ.

ಬೆಳಿಗ್ಗೆ ಶಿವಮ್ಮನ ಕೂಗಿಗೆ ಎಚ್ಚರವಾಯಿತು. ಬೀಗದ ಬಾಗಿಲು ಹಾರು ಹೊಡೆದಿತ್ತು. ಹೊರಗಿನವರನ್ನು ಬಿಡದ ಆ ಹುಳುಮನೆಯ ಬಾಗಿಲಲ್ಲಿ ಈಗ ಯಾರೂ ತಡೆಯಲಿಲ್ಲ. ನಮ್ಮ ಗೋಡೆಯ ಕಡೆಯ ತಟ್ಟೆಗಳಲ್ಲಿ ಬೆರಳುದ್ದದ ಹುಳುಗಳು ತಲೆ ಎತ್ತಿ ಅತ್ತ ಇತ್ತ ಆಡಿಸುತ್ತಿದ್ದವು, ಬಾಯಿಂದ ಹಸಿರು ನೀರು ಕಕ್ಕುತ್ತಿದ್ದವು. ಎಷ್ಟೋ ಆಗಲೇ ಮುದುಡಿ ಬಿದ್ದಿದ್ದವು. ಎದುರು ತುದಿಯವು ಮಾತ್ರ ಸೊಪ್ಪಿನ ಮೇಲೆ ಇದ್ದವು, ತಿನ್ನುತ್ತಿರಲಿಲ್ಲ. ಹಿಂದಿನ ದಿನದ ಮಳೆಯಂಥ ಸದ್ದು ನಿಂತುಹೋಗಿತ್ತು. ಶಿವಮ್ಮ ಒಂದೊಂದೇ ಹುಳುವನ್ನು ಅಂಗೈಯಲ್ಲಿ ಎತ್ತಿ ನೋಡಿ ಇಡುತ್ತಿದ್ದಳು. ಶಿವಣ್ಣ ಕಂಬಕ್ಕೆ ಒರಗಿ ಕೂತುಬಿಟ್ಟಿದ್ದ.

"ಔಷ್ದಿ ಗಾಳಿ ಬಡ್ದೈತೆ," ಅಂದ.

ಅಷ್ಟು ಸಾಕಾಯಿತು ನನಗೆ. ಕೊಠಡಿ ಮೇಲ್ವಿಚಾರಕಿ ಎಚ್ಚತ್ತಳು. "ನಿನ್ನೆ ಸಂಜೆ ಐದೂವರೆಗೆ ರತ್ನಮ್ಮ ಔಷಧಿ ಕ್ಯಾನು ತೊಳೀತಿದ್ರು. ನಾನೇ ಕಣ್ಣಾರೆ ನೋಡಿದೆ," ಅಂದೆ. ಗಂಟೆಯನ್ನೂ ಹೇಳಿದೆ, ಕ್ಯಾನಿನ ಬಣ್ಣವನ್ನೂ ಹೇಳಿದೆ. ಹೇಳುವಾಗ ಒಂದು ಬಗೆಯ ಖುಷಿಯೂ ಇತ್ತು. ಅದನ್ನು ಮುಚ್ಚಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ. ಮೊನ್ನೆ ರಾತ್ರಿಯ ಆ ಒಳ್ಳೆಯತನ ನಾಟಕ ಎಂದು ನಾನು ಆಗಲೇ ಕಂಡುಹಿಡಿದಿದ್ದೆ ಎನ್ನುವ ಖುಷಿ.

ಶಿವಮ್ಮ ಕೈಯಲ್ಲಿದ್ದ ಹುಳು ಕೆಳಗಿಟ್ಟು ಎದ್ದು ಹೋದಳು. ಅಂಗಳದಲ್ಲಿ ಮಾತು ಬೆಳೆಯಿತು, ಊರವರು ನಾಲ್ಕಾರು ಜನ ಸೇರಿದರು.

"ತೊಳ್ದೆ ಕಣಕ್ಕ. ಆಚೆಮನೆಯೋರು ಕ್ಯಾನು ಇಸ್ಕೊಂಡು ಹೋಗಿದ್ರು, ಹಂಗೇ ತಂದಿಟ್ಟಿದ್ರು, ತೊಳ್ದಿಟ್ಟೆ. ಹೊಡ್ದಿಲ್ಲ," ಅಂದಳು ರತ್ನಮ್ಮ.

"ಹೊಡೀದೆ ಹೋದ್ರೆ ನನ್ನ ಹುಳ ಯಾಕೆ ಸತ್ವು? ಕಾಯಿಗೆ ಹುಳ ಬಿದ್ದೈತೆ ಅಂತ ನೀನೇ ಅಂದ್ಯಲ್ಲ."

"ಹೊಡ್ದಿಲ್ಲ ಅಂದೆನಲ್ಲ."

"ಹಂಗಾದ್ರೆ ಬಸವಣ್ಣನ ಗುಡೀಲಿ ಕರ್ಪೂರ ಹಚ್ಚಿ ಆಣೆ ಮಾಡು," ಅಂದಳು ಶಿವಮ್ಮ.

ಆ ಕಡೆ ಅದು ಕೊನೆಯ ಮಾತು. ಕರ್ಪೂರ ಹಚ್ಚಿ ದೇವರೆದುರು ಆಣೆ ಮಾಡಿದರೆ ಅನುಮಾನ ಅಲ್ಲಿಗೆ ತೀರಿತು, ಯಾರೂ ಮತ್ತೆ ಆ ಮಾತೆತ್ತುವಂತಿಲ್ಲ. ಆದರೆ ಆಣೆ ಕೇಳುವುದು ಹೊರಗಿನವರನ್ನು, ಜಗಳಗಂಟರನ್ನು. ಮನೆಯವರನ್ನು ಕೇಳುವುದಿಲ್ಲ. ರತ್ನಮ್ಮನ ಮುಖ ಒಂದು ಸಲ ಬಿಳುಚಿಕೊಂಡು ಮತ್ತೆ ಗಟ್ಟಿಯಾಯಿತು.

"ಮಾಡಲ್ಲ," ಅಂದಳು.

"ಮಾಡಲ್ಲ ಅಂದ್ರೆ ಗೊತ್ತಾಯ್ತಲ್ಲ," ಅಂದರು ಜನರಲ್ಲಿ ಯಾರೋ. ಹತ್ತು ಗಂಟೆಯೊಳಗೆ ಗುಡಿಗೆ ಬರಬೇಕು, ಬರದಿದ್ದರೆ ಎರಡು ಮನೆಗೂ ಹೋಗುಬರವು ಇಲ್ಲ ಎಂದು ಹಿರಿಯರೊಬ್ಬರು ತೀರ್ಮಾನ ಹೇಳಿದರು.

ನಯಾಜ಼್ ವ್ಯಾನು ತಂದು ನಿಲ್ಲಿಸಿದ್ದ, ಅವತ್ತು ಸಂಗಮಕ್ಕೆ ಹೋಗುವ ದಿನ. ಬಟ್ಟೆ ಚೀಲಕ್ಕೆ ತುಂಬಲು ಕೋಣೆಗೆ ಹೋದೆ. ಮರದ ಅಲಮಾರಿನ ಮೇಲಿದ್ದ ಪೆಟ್ಟಿಗೆ ಇಳಿಸುವಾಗ ತಲೆ ಎತ್ತಿದೆ. ಅಲಮಾರಿನ ಹಿಂದೆ, ಗೋಡೆಯ ಮೇಲ್ಭಾಗದಲ್ಲಿ, ಗಾಳಿಯಾಡಲು ತೂತು ಬಿಟ್ಟ ಎರಡು ಜಾಲಿ ಇಟ್ಟಿಗೆ. ಅದಕ್ಕೆ ಬಡಿದ ಬಲೆಯ ಮೂಲಕ ಆಚೆಯ ಹುಳುಮನೆಯ ತೊಲೆ ಕಾಣುತ್ತಿತ್ತು. ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಟವೆಲು ತುರುಕಿ, ಹೊಗೆಗೆ ನಾನೇ ಉಳಿಸಿಕೊಟ್ಟ ಒಂದೇ ದಾರಿ ಅದು. ಮಂಚದ ಮೇಲೆ ಕೂತೆ. ಸುಶೀಲ ಒಳಗೆ ಬಂದಳು, ಜಾಲಿ ನೋಡಿದಳು, ನನ್ನ ಮುಖ ನೋಡಿದಳು. ಗೊಂಬೆಯ ಚೀಲದಿಂದ ಉಳಿದ ಕಾಯಿಲ್ ಪೊಟ್ಟಣ ತೆಗೆದು ಮಂಚದ ಮೇಲಿಟ್ಟಳು.

ನಾನು ಆಗಲೇ ಎದ್ದು ಹೋಗಿ ಹೇಳಿದೆ ಎಂದು ಬರೆಯಲು ಆಸೆ. ಹೇಳಲಿಲ್ಲ. ಪೊಟ್ಟಣವನ್ನು ಚೀಲದೊಳಗೆ ತುರುಕಿ ಎತ್ತಿಕೊಂಡು ವ್ಯಾನು ಹತ್ತಿದೆ. ಶಿವಮ್ಮ ಅಂಥ ಸ್ಥಿತಿಯಲ್ಲೂ ಬಾಗಿಲಿಗೆ ಬಂದು, "ನಿಮ್ಗೆ ನಾಷ್ಟ ಕೊಡೋಕೂ ಆಗ್ಲಿಲ್ಲ, ಬೇಜಾರು ಮಾಡ್ಕೋಬ್ಯಾಡಿ," ಅಂದಳು. ಅವಳ ಕಣ್ಣು ನೋಡಲಾಗದೆ ಚೀಲದ ಜಿಪ್ಪು ಸರಿಮಾಡಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವತ್ತು ಅಲ್ಲಿ ಯಾರಿಗಾದರೂ ನನ್ನ ಅರ್ಧದಷ್ಟು ಅನುಮಾನದ ಬುದ್ಧಿ ಇದ್ದಿದ್ದರೆ ನಾನು ಸಿಕ್ಕಿಬೀಳುತ್ತಿದ್ದೆ. ಯಾರೂ ನನ್ನ ಕಡೆ ನೋಡಲಿಲ್ಲ.

ವ್ಯಾನು ಊರ ಹೊರಗಿನ ಕೆರೆಯ ಏರಿ ಹತ್ತಿತು. ಇನ್ನೂ ಒಂದು ತಪ್ಪಿಸಿಕೊಳ್ಳುವ ಸಂದಿ ಇದೆಯೇ ಎಂದು ನನ್ನ ಮನಸ್ಸು ಹುಡುಕುತ್ತಿತ್ತು. ನಯಾಜ಼್‌ನನ್ನು ಕೇಳಿದೆ, "ಸೊಳ್ಳೆ ಕಾಯಿಲ್ ಹೊಗೆ ತಾಕಿದರೆ ಹುಳು ಸಾಯುತ್ತಾ? ಔಷಧಿಯಿಂದ ಮಾತ್ರ ತಾನೆ?"

"ಸಾಯ್ದೆ ಏನು ಮೇಡಂ. ಸೊಳ್ಳೆ ಸಾಯಿಸೋದು ಹುಳನ ಬುಡ್ತದಾ? ಹುಳುಮನೆ ಹತ್ರ ಹೋಗೋವಾಗ ನಮ್ಮಪ್ಪ ಬೀಡಿ ಸೇದಿದ್ರೆ ಬಾಯಿ ತೊಳ್ಕೊಂಡು ಹೋಗ್ತಿದ್ರು." ಆಮೇಲೆ ಕನ್ನಡಿಯಲ್ಲಿ ನನ್ನ ಮುಖ ಕಂಡಿತೇನೋ, ಮಾತು ನಿಲ್ಲಿಸಿದ.

"ನಿಲ್ಸಪ್ಪ," ಅಂದಳು ಸುಶೀಲ. ವ್ಯಾನು ನಿಂತಿತು. "ಅಕ್ಕ, ನೀನು ಹೇಳ್ತೀಯೋ, ನಾನು ಹೋಗಿ ಹೇಳ್ಲೋ?"

"ಅದು ನಿನಗೋಸ್ಕರ ಕಣೇ," ಅಂದೆ. ನನ್ನ ದನಿ ನನಗೇ ಆ ಪರೀಕ್ಷಾ ಕೊಠಡಿಯ ಹುಡುಗಿಯರ ದನಿಯ ಹಾಗೆ ಕೇಳಿತು.

"ನನ್ನ ಹೆಸರಲ್ಲಿ ಇನ್ನೊಬ್ಬರ ಮನೆ ಮುರೀಬೇಡ," ಅಂದಳು.

ನಾವು ವಾಪಸು ಬಂದಾಗ ಗುಡಿಯೆದುರು ಜನ ಸೇರಿದ್ದರು. ಕಟ್ಟೆಯ ಮೇಲೆ ತಟ್ಟೆಯಲ್ಲಿ ಕರ್ಪೂರ ಇತ್ತು. ಶಿವಮ್ಮ ಒಂದು ಕಡೆ, ರತ್ನಮ್ಮ ಸ್ವಲ್ಪ ದೂರದಲ್ಲಿ ಒಬ್ಬಳೇ. ಆಣೆ ಮಾಡುವುದಿಲ್ಲ ಎಂದು ಎಲ್ಲರೆದುರು ಇನ್ನೊಂದು ಸಲ ಹೇಳಲಿಕ್ಕೇ ಬಂದಿದ್ದಳು. ನಾನು ಕಾಯಿಲ್ ಪೊಟ್ಟಣವನ್ನು ಕರ್ಪೂರದ ತಟ್ಟೆಯ ಪಕ್ಕ ಇಟ್ಟು ಹೇಳಿದೆ. ಕಿಟಕಿ ಮುಚ್ಚಿದ್ದು, ಟವೆಲು ತುರುಕಿದ್ದು, ಬೂದಿ ತೊಳೆದದ್ದು, ಜಾಲಿ ಇಟ್ಟಿಗೆ, ಎಲ್ಲ. ಮೂವತ್ತೆರಡು ವರ್ಷ ಬೇರೆಯವರ ಕೈಲಿ ಬರೆಸಿದ ಹೇಳಿಕೆ ಬಾಯಲ್ಲಿ ಹೇಳುವುದು ಎಷ್ಟು ಕಷ್ಟ ಎಂದು ಆಗ ತಿಳಿಯಿತು. ನಷ್ಟ ನಾನು ಕಟ್ಟಿಕೊಡುತ್ತೇನೆ ಅಂದೆ, ಆಮೇಲೆ ಕಟ್ಟಿಯೂ ಕೊಟ್ಟೆ. ಬೈಯಲಿ, ಹೊಡೆಯಲಿ ಎಂದು ಕಾದೆ. ಶಿವಮ್ಮ ನನ್ನ ಕಡೆ ನೋಡಲೇ ಇಲ್ಲ. ಎರಡು ಹೆಜ್ಜೆ ನಡೆದು ರತ್ನಮ್ಮನ ಕೈ ಹಿಡಿದುಕೊಂಡಳು.

"ತಪ್ಪಾಯ್ತು ಕಣೇ ರತ್ನ," ಅಂದಳು.

ರತ್ನಮ್ಮ ಕೈ ಬಿಡಿಸಿಕೊಂಡಳು. ಕೂಗಾಡಲಿಲ್ಲ, ಮೆಲ್ಲಗೇ ಹೇಳಿದಳು.

"ಈವಮ್ಮ ಬಂದು ಮೂರು ದಿನ ಆಗಿಲ್ಲ. ರತ್ನ ಕ್ಯಾನು ತೊಳೀತಿದ್ಲು ಅಂತ ಈವಮ್ಮ ಅಂದ್ರು, ನೀನು ನಂಬಿದೆ. ರತ್ನ ಅಲ್ಲ, ನಾನೇ ಅಂದ್ರು, ಅದ್ನೂ ನಂಬಿದೆ. ಇಪ್ಪತ್ತೆರಡು ವರ್ಷದಿಂದ ನಿನ್ ಜೊತೇಲಿರೋಳು ಹೊಡ್ದಿಲ್ಲ ಅಂದ್ರೆ ಮಾತ್ರ ಕರ್ಪೂರ ಬೇಕಾಯ್ತಲ್ವಾ ಅಕ್ಕ."

ಅವಳು ಹೊರಟುಹೋದಳು. ನಿಜ ಹೇಳಿದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದ ನನಗೆ ಅಲ್ಲಿ ಮಾಡಲು ಇನ್ನೇನೂ ಉಳಿದಿರಲಿಲ್ಲ. ಸಂಗಮಕ್ಕೆ ಹೋಗದೆ ಹಾಸನಕ್ಕೆ ವಾಪಸಾದೆವು. ಈಗ ಸುಶೀಲ ಒಬ್ಬಳೇ ಊರೂರು ತಿರುಗುತ್ತಾಳೆ, ನನ್ನನ್ನು ಕರೆಯುವುದಿಲ್ಲ.

ಮೊನ್ನೆ ಮಾಗಡಿಯಲ್ಲಿ ಹಾಸನದ ಬಸ್ಸು ಬಿಟ್ಟು ನಾನು ಆ ಊರಿಗೇ ಹೋದೆ. ಹೋಗಲು ಧೈರ್ಯ ಎಲ್ಲಿಂದ ಬಂತೋ ಗೊತ್ತಿಲ್ಲ. ಶಿವಮ್ಮ ಗುರುತು ಹಿಡಿದು, "ಬನ್ನಿ ಟೀಚರಮ್ಮ," ಎಂದು ಮಣೆ ಹಾಕಿದಳು, ಕಾಫಿ ಕೊಟ್ಟಳು. ಕೋಣೆ ಬಾಡಿಗೆಗೆ ಕೊಡುವುದನ್ನು ನಿಲ್ಲಿಸಿದ್ದಾಳಂತೆ. ಹುಳು ಈ ಸಲ ಚೆನ್ನಾಗಿವೆಯಂತೆ. ರತ್ನಮ್ಮನ ವಿಷಯ ಕೇಳಲೋ ಬೇಡವೋ ಎಂದು ಲೋಟ ತಿರುಗಿಸುತ್ತ ಕೂತಿರುವಾಗ ಅವಳ ಫೋನು ಸದ್ದು ಮಾಡಿತು. ನೋಡಿ ನನ್ನ ಕಡೆ ಹಿಡಿದಳು. ಔಷಧಿ ಕ್ಯಾನಿನ ಫೋಟೋ, ಕೆಳಗೆ ಗಂಟೆ.

"ರತ್ನ ನಾಳೆ ಹೊಡೀತಾಳಂತೆ," ಅಂದಳು. "ಮೊದ್ಲು ಬಂದು ಕೂತು ಹೇಳ್ಬುಟ್ಟು ಹೋಗ್ತಿದ್ಲು. ಈಗ ಹೊಡೆಯೋ ಮುಂಚೆ ಒಂದು ಫೋಟೋ, ಹೊಡೆದ್ಮೇಲೆ ಒಂದು, ಕ್ಯಾನು ತೊಳೆದ್ಮೇಲೆ ಒಂದು."

"ನೀವು ಕೇಳಿದ್ರಾ?"

"ಇಲ್ಲ ಕಣವ್ವ. ಬ್ಯಾಡ ಕಣೇ ಅಂತ ಹೇಳೋಕೆ ಮೂರು ಸಲ ಅವಳ ಮನೆಗೆ ಹೋದೆ. ಬಾಗ್ಲಲ್ಲೇ ನಿಂತ್ಕೊಂಡು, ಇರ್ಲಿ ಬುಡಕ್ಕ, ನಾಳೆ ಯಾರಾದ್ರೂ ಕೇಳಿದ್ರೆ ನಿಂಗೇ ಬೇಕಾಯ್ತದೆ, ಅಂತಾಳೆ."